ಎಡಗಡೆಯವನ ಉಪಾಯ

ಮಾರ್ಚ್ ೩, ಸೋಮವಾರ

ಏನು ತಿಂದೆ, ಚೀಲ ಯಾವಾಗ ತುಂಬಿತು, ದಿನಾ ಬರೆದಿಡಬೇಕಂತೆ. ಆಸ್ಪತ್ರೆಯ ಸಿಸ್ಟರ್ ಅಪ್ಪಣೆ. ಸರಿ, ಬರೆಯುತ್ತೇನೆ. ಬ್ರೆಡ್ಡು ತಿಂದೆ, ತುಂಬಿತು. ಮಿಕ್ಕ ಜಾಗದಲ್ಲಿ ನನಗೆ ತೋಚಿದ್ದು ಗೀಚುತ್ತೇನೆ. ಯಾರೂ ಓದಬೇಕಾಗಿಲ್ಲ.

ಕ್ಯಾನ್ಸರ್ ಇದ್ದದ್ದು ಕರುಳಿನ ಕಟ್ಟಕಡೆಯಲ್ಲಿ. ಅದನ್ನು ಕತ್ತರಿಸಿ ತೆಗೆದು, ಹುಟ್ಟಿನಿಂದ ಇದ್ದ ದಾರಿಯನ್ನು ಹೊಲಿದು ಮುಚ್ಚಿ, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಯಿಂದ ಹೊರಗೆ ತಂದಿದ್ದಾರೆ. ಕೆಂಪಗೆ, ಒದ್ದೆಯಾಗಿ, ತುಟಿ ಮುಂದೆ ಮಾಡಿಕೊಂಡು ಕೂತಿದೆ. ಅದರ ಮೇಲೊಂದು ಚೀಲ. ಬರುವುದೆಲ್ಲ ಅದಕ್ಕೇ ಬರುತ್ತದೆ, ನನ್ನನ್ನು ಒಂದು ಮಾತು ಕೇಳದೆ. ಉಸಿರಿರುವ ತನಕ ಇನ್ನು ಇದೇ ಏರ್ಪಾಡು. "ಜೀವ ಉಳೀತಲ್ಲ, ಖುಷಿಪಡಿ" ಎಂದರು ಡಾಕ್ಟರು. ಅವರದೇನು ಹೋಯಿತು.

ಕ್ಷೌರ ನನ್ನ ಕಸುಬು. ಕುರ್ಚಿಯಲ್ಲಿ ಕೂತವನ ಮೊಣಕೈ ಸರಿಯಾಗಿ ನನ್ನ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ಗಲ್ಲದ ಕೆಳಗೆ ಕತ್ತಿ ಎಳೆಯುವಾಗ ಅವನ ಭುಜಕ್ಕೆ ಒರಗಿಕೊಂಡೇ ಎಳೆಯಬೇಕು, ಇಲ್ಲದಿದ್ದರೆ ಕೈ ನಿಲ್ಲುವುದಿಲ್ಲ. ಇನ್ನು ಯಾರ ಭುಜಕ್ಕೆ ಅಂತ ಒರಗಲಿ. ಈಗ ಅಂಗಡಿಯನ್ನು ಬಾಮೈದ ನೋಡಿಕೊಳ್ಳುತ್ತಿದ್ದಾನೆ. ಅಂದರೆ ಊರಿನ ತಲೆಗಳನ್ನೆಲ್ಲ ಹಾಳು ಮಾಡುತ್ತಿದ್ದಾನೆ ಎಂದು ಅರ್ಥ.

ಚೀಲ ಬದಲಿಸುವಾಗ ಹೆಂಡತಿ ಬಚ್ಚಲ ಬಾಗಿಲು ಬಡಿದಳು. "ರೀ, ನಾನು ಹಾಕಿಕೊಡ್ತೀನಿ, ಬಾಗಿಲು ತೆಗೀರಿ." ತೆಗೆಯಲಿಲ್ಲ. ಅವಳು ಹೊರಗೇ ನಿಂತಿದ್ದಳು, ನೆರಳು ಕಾಣುತ್ತಿತ್ತು. ಅವಳು ಹೋಗುವ ತನಕ ನಾನೂ ಒಳಗೇ ನಿಂತಿದ್ದೆ.

ಮಾರ್ಚ್ ೪

ಬ್ರೆಡ್ಡು. ತುಂಬಿತು.

ಮಾರ್ಚ್ ೧೨, ಬುಧವಾರ

ಚರ್ಮ ಸುಟ್ಟ ಹಾಗೆ ಉರಿ. ಆಸ್ಪತ್ರೆಗೆ ಹೋದೆ. ಚೀಲದ ಹಿಂದೆ ಮೈಗೆ ಅಂಟುವ ಒಂದು ಬಿಲ್ಲೆ ಇರುತ್ತದೆ. ಅದರ ನಡುವೆ ಅಳತೆಗೆ ಸರಿಯಾಗಿ ತೂತು ಕತ್ತರಿಸಿಕೊಳ್ಳಬೇಕು. ನಾನು ದೊಡ್ಡದಾಗಿ ಕತ್ತರಿಸಿದ್ದೆ. ಸುತ್ತಲಿನ ಚರ್ಮಕ್ಕೆಲ್ಲ ಹೊಲಸು ತಾಗಿ ಹುಣ್ಣಾಗಿದೆ.

"ಕತ್ತರಿ ಹಿಡಿಯೋ ಕಸುಬಿನವರು ನೀವು. ಇಷ್ಟು ಕೆಟ್ಟದಾಗಿ ಕತ್ತರಿಸೋದಾ?" ಎಂದರು ಸಿಸ್ಟರ್.

ಕಣ್ಣು ಮುಚ್ಚಿಕೊಂಡು ಕತ್ತರಿಸಿದೆ ಎಂದು ಹೇಗೆ ಹೇಳುವುದು. ಶನಿವಾರ ಇಂಥ ಚೀಲದವರದೇ ಒಂದು ಸಭೆಯಂತೆ, ತಪ್ಪದೆ ಬರಬೇಕಂತೆ. ನಾಲ್ಕು ಜನ ಹೊಟ್ಟೆ ತೋರಿಸಿಕೊಂಡು ಅಳುವುದನ್ನು ನೋಡಲು ನಾನ್ಯಾಕೆ ಹೋಗಲಿ.

ಮಾರ್ಚ್ ೧೫, ಶನಿವಾರ

ಹೋದೆ. ಹೆಂಡತಿ ಚಪ್ಪಲಿ ತಂದು ಎದುರಿಗಿಟ್ಟು ನಿಂತಳು, ಇನ್ನೇನು ಮಾಡುವುದು.

ಆಸ್ಪತ್ರೆಯ ಹಿಂಭಾಗದಲ್ಲಿ ಹಳೆ ಮಂಚಗಳನ್ನು ಪೇರಿಸಿಟ್ಟ ಒಂದು ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು. ಕಿಟಕಿ ಎಲ್ಲ ತೆರೆದಿಟ್ಟಿದ್ದರು, ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಕಾಲಿಟ್ಟ ತಕ್ಷಣ ಒಬ್ಬ ದಪ್ಪ ಮೀಸೆಯವನು, "ಎಡಾನಾ, ಬಲಾನಾ?" ಎಂದ. ಯಾವ ಪಕ್ಷ ಎಂದು ಕೇಳುತ್ತಿದ್ದಾನೆ ಅಂದುಕೊಂಡು, "ನಾನು ವೋಟೇ ಹಾಕಲ್ಲ" ಎಂದೆ. ಇಡೀ ಕೋಣೆ ನಕ್ಕಿತು. ಅವನು ಅಂಗಿಯ ಮೇಲಿನಿಂದಲೇ ತನ್ನ ಬಲಹೊಟ್ಟೆ ತಟ್ಟಿ ತೋರಿಸಿದ. ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಮೊದಲು ಕೇಳುವುದು ಇದನ್ನೇ ಅಂತೆ. ಡಾಕ್ಟರಿಗೆ ಯಾವ ಕಡೆ ಅನುಕೂಲವಾಯಿತೋ ಆ ಕಡೆ ತೂತು ಮಾಡಿರುತ್ತಾರೆ, ಅದರಲ್ಲಿ ಕೇಳುವುದೇನಿದೆ.

ಮೀಸೆಯವನು ದೂರದೂರಿನ ಬಸ್ಸಿನ ಡ್ರೈವರು. ಎರಡು ವರ್ಷದಿಂದ ಚೀಲವಂತೆ. ದೊಡ್ಡ ಕರುಳು ಪೂರ್ತಿ ಹುಣ್ಣಾಗಿ ತೆಗೆದುಹಾಕಿದ್ದಾರಂತೆ. "ನಂದು ಯಾವಾಗ್ಲೂ ರೈಟ್ ಇಂಡಿಕೇಟರ್ ಅಣ್ಣ, ಆಫ್ ಆಗೋದೇ ಇಲ್ಲ" ಎಂದ. ಬಾಯಿಬಡುಕ. ಆದರೂ ಪಕ್ಕದಲ್ಲೇ ಕೂತೆ.

ಸಿಸ್ಟರ್ ಗೋಡೆಗೆ ಚಿತ್ರ ತೂಗುಹಾಕಿ ಎಡಕ್ಕೂ ಬಲಕ್ಕೂ ಏನು ವ್ಯತ್ಯಾಸ ಎಂದು ಶುರು ಮಾಡಿದರು. ಅಷ್ಟರಲ್ಲಿ ನನ್ನದು ಶಬ್ದ ಮಾಡಿತು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ. ಯಾರೂ ತಿರುಗಿ ನೋಡಲಿಲ್ಲ, ಅದಕ್ಕೇ ಇನ್ನೂ ಅವಮಾನವಾಯಿತು. ಎದ್ದು ಹೊರಗೆ ಹೋದೆ. ಮತ್ತೆ ಬಂದಾಗ ಟೀ ಕೊಡುತ್ತಿದ್ದರು.

ಏಪ್ರಿಲ್ ೧೩, ಭಾನುವಾರ

ಅಂಗಡಿಗೆ ಹೋಗಲು ಶುರು ಮಾಡಿದೆ. ಕೂರಲು ಇನ್ನೂ ನೋವು. ಪುಣ್ಯಕ್ಕೆ ನಿಂತು ಮಾಡುವ ಕೆಲಸ.

ಮೊದಲ ದಿನ ನರಕ. ಗಿರಾಕಿಯೊಬ್ಬ ಮೂಗೆಳೆದ. ನೆಗಡಿಯೋ, ವಾಸನೆಯೋ ಗೊತ್ತಾಗಲಿಲ್ಲ. ಬಾಮೈದ ಎದ್ದು ಹೋಗಿ ಫ್ಯಾನ್ ಜೋರು ಮಾಡಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ, ಆದರೂ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು.

ಈಗ ಉಪಾಯ ಕಂಡುಕೊಂಡಿದ್ದೇನೆ. ಬೆಳಗ್ಗೆ ಏನೂ ತಿನ್ನುವುದಿಲ್ಲ, ಒಂದು ತೊಟ್ಟು ನೀರೂ ಇಲ್ಲ. ಮಧ್ಯಾಹ್ನವೂ ಇಲ್ಲ. ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆಯೇ ಊಟ. ಇಡೀ ದಿನ ಚೀಲ ಚಪ್ಪಟೆ, ಅಂಗಿಯೊಳಗೆ ಏನೂ ಇಲ್ಲದ ಹಾಗೆ. ಇವತ್ತು ಒಬ್ಬನ ಭುಜಕ್ಕೆ ಒರಗಿದೆ ಕೂಡ. ತಲೆ ತಿರುಗುತ್ತದೆ, ತಿರುಗಲಿ. ಹೆಂಡತಿ ಕಟ್ಟಿಕೊಡುವ ಡಬ್ಬಿ ಬಾಮೈದನ ಹೊಟ್ಟೆಗೆ. ಅವನು ಉಬ್ಬುತ್ತಿದ್ದಾನೆ.

ಏಪ್ರಿಲ್ ೧೯, ಶನಿವಾರ

ಸಭೆ. ಡ್ರೈವರ್ ಇವತ್ತು ನಗಿಸಲಿಲ್ಲ. ಹೋದ ವಾರ ಬಸ್ಸು ಓಡಿಸುವಾಗಲೇ ಚೀಲ ಅಂಟು ಬಿಟ್ಟಿತಂತೆ. ನಿಲ್ಲಿಸಲು ಜಾಗವಿಲ್ಲ, ಹಿಂದೆ ಬಸ್ಸು ತುಂಬ ಜನ. ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದುಕೊಂಡಳಂತೆ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇರು ಎಂದಿದ್ದಾನಂತೆ ಮಾಲೀಕ.

"ಸಿಸ್ಟರ್ ನೋಡಿದ್ರೆ ನೀರು ಕುಡಿ, ನೀರು ಕುಡಿ ಅಂತಾರೆ. ಕುಡಿದಷ್ಟೂ ನಲ್ಲಿ ಬಿಟ್ಟಂಗೆ ಸುರಿಯುತ್ತೆ ಅಣ್ಣ. ಸ್ಟೇರಿಂಗ್ ಹಿಡೀಲಾ, ಇದನ್ನ ಹಿಡೀಲಾ?"

"ಸಿಸ್ಟರ್ ಬಸ್ ಓಡಿಸ್ತಾರಾ?" ಎಂದೆ ನಾನು. "ನನ್ನ ಕೇಳು. ಕೆಲಸದ ದಿನ ಏನೂ ಮುಟ್ಟಬೇಡ. ಅನ್ನ ಬೇಡ, ನೀರು ಬೇಡ. ಮನೆಗೆ ಬಂದು ಎಷ್ಟು ಬೇಕೋ ಅಷ್ಟು ತಿನ್ನು. ನೋಡು ನನ್ನ ಚೀಲ, ಬೆಳಗ್ಗಿಂದ ಖಾಲಿ."

ಎಲ್ಲರೆದುರಿಗೆ ಅಂಗಿ ಎತ್ತಿ ತೋರಿಸಿದೆ. ನಾನು. ಅವನು ಬಗ್ಗಿ ನೋಡಿ, "ಭಲೇ ಅಣ್ಣ, ಇಷ್ಟು ದಿನ ಎಲ್ಲಿದ್ದೆ ನೀನು" ಎಂದ. ಆಪರೇಶನ್ ಆದ ಮೇಲೆ ಯಾರಿಗಾದರೂ ನನ್ನಿಂದ ಉಪಯೋಗವಾದದ್ದು ಇದೇ ಮೊದಲು. ಮನೆಗೆ ಬಂದು ಹೆಂಡತಿಗೂ ಹೇಳಿದೆ. ಜಂಬವಿತ್ತು, ಸುಳ್ಳೇಕೆ ಬರೆಯಲಿ.

ಮೇ ೮, ಗುರುವಾರ

ಡ್ರೈವರ್ ಅಂಗಡಿಗೆ ಬಂದಿದ್ದ, ಹೆಂಡತಿಯನ್ನೂ ಕರೆದುಕೊಂಡು. "ಇವರೇ ನಮ್ಮ ಎಡಗಡೆ ಅಣ್ಣ" ಎಂದು ಪರಿಚಯಿಸಿದ. ಆಕೆ ಕೈಮುಗಿದು, "ನಿಮ್ಮಿಂದ ಇವರ ಮುಖದಲ್ಲಿ ನಗು ಬಂತು ಅಣ್ಣ" ಎಂದಳು.

ಕೂರಿಸಿ ಗಡ್ಡ ತೆಗೆದೆ. ಕೆನ್ನೆ ಒಳಗೆ ಹೋಗಿದೆ. ತುಟಿ ಒಡೆದಿದೆ. ನೊರೆ ಹಚ್ಚಿದ ಹಾಗೆಯೇ ಒಣಗುತ್ತಿತ್ತು. ಎಡಗೈಯಿಂದ ಚರ್ಮ ಎಳೆದು ಬಿಟ್ಟರೆ ಮತ್ತೆ ಜಾಗಕ್ಕೆ ಕೂರಲು ಹೊತ್ತು ಹಿಡಿಯುತ್ತಿತ್ತು. ಇಷ್ಟು ಮುಖ ಮುಟ್ಟಿದ್ದೇನೆ, ಇಂಥ ಚರ್ಮ ನೋಡಿಲ್ಲ.

"ಏನಯ್ಯಾ ಇದು, ಚಕ್ಕಳ ಆಗಿದೆಯಲ್ಲ ಮುಖ."

"ಬಿಸಿಲಣ್ಣ. ಇಂಜಿನ್ ಪಕ್ಕ ಕೂತ್ರೆ ಬೇಯ್ತೀವಿ. ಕಾಲು ಬೇರೆ ಸೆಟೆದುಕೊಳ್ಳುತ್ತೆ. ಆದ್ರೆ ಚೀಲ ಮಾತ್ರ ಮೊದಲಿನ ಅರ್ಧ ಕೂಡ ಬರಲ್ಲ. ನಿನ್ನ ಉಪಾಯ ಉಪಾಯ."

ಎರಡು ಸಲ ಎಣ್ಣೆ ಹಚ್ಚಿ ಕೆನ್ನೆ ತಿಕ್ಕಿದೆ. ಬಿಸಿಲೇ ಇರಬೇಕು.

ಮೇ ೨೪, ಶನಿವಾರ

ಸಭೆಗೆ ಹೋದರೆ ಕೋಣೆಗೆ ಬೀಗ. ಸಿಸ್ಟರ್ ಮೇಲಿನ ವಾರ್ಡಿನಲ್ಲಿದ್ದಾರೆ ಎಂದರು. ಡ್ರೈವರ್ ಬಸ್ಸು ತಂದು ನಿಲ್ಲಿಸಿ, ಜನರನ್ನೆಲ್ಲ ಇಳಿಸಿ, ತಾನು ಇಳಿಯುವಾಗ ಮೆಟ್ಟಿಲ ಮೇಲೆ ಕುಸಿದನಂತೆ. ಮೂತ್ರವೇ ಇಲ್ಲವಂತೆ. ಕಿಡ್ನಿ ಎರಡೂ ನಿಂತಿವೆ.

ಯಾಕೆ ಎಂದು ಕೇಳಿದೆ. ಅಷ್ಟು ದಡ್ಡ ನಾನು.

ಮೇ ೨೫, ಭಾನುವಾರ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಡ್ರೈವರ್ ಮಂಚದ ಮೇಲೆ, ಕುತ್ತಿಗೆಗೆ ನಳಿಕೆ. ಡಯಾಲಿಸಿಸ್ ಮಾಡುತ್ತಿದ್ದರು. ಸಿಸ್ಟರ್ ಅವನನ್ನು ಬಯ್ಯುತ್ತಿದ್ದರು. "ನೀರು ನಿಲ್ಲಿಸು ಅಂತ ನಿಮಗೆ ಹೇಳಿದ್ಯಾರು?" ಅವನು ನನ್ನನ್ನು ಕಂಡವನೇ ಮುಖ ಅರಳಿಸಿ, "ಇಗೋ ಬಂದ್ರಲ್ಲ. ಅಣ್ಣಂದೇ ಐಡಿಯಾ" ಎಂದ. ನನ್ನನ್ನು ಸಿಕ್ಕಿಹಾಕಿಸಲು ಹೇಳಿದ್ದಲ್ಲ, ಹೊಗಳಿದ್ದು. ಅವನಿಗೆ ಇನ್ನೂ ಗೊತ್ತಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಅವನ ಹೆಂಡತಿ ನನ್ನತ್ತ ತಿರುಗಿದಳು.

ಸಿಸ್ಟರ್ ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮದು ಎಡಗಡೆ. ದೊಡ್ಡ ಕರುಳು ಹೆಚ್ಚುಕಮ್ಮಿ ಪೂರ್ತಿ ಇದೆ. ನೀರನ್ನ ಹೀರಿಕೊಳ್ಳೋದು ಅದೇ. ನೀವು ಒಂದು ದಿನ ಉಪವಾಸ ಇದ್ರೆ ಸುಸ್ತಾಗುತ್ತೆ, ಅಷ್ಟೇ. ಅವರದು ಬಲಗಡೆ. ದೊಡ್ಡ ಕರುಳೇ ಇಲ್ಲ. ಕುಡೀಲಿ ಬಿಡಲಿ, ಮೈಯೊಳಗಿನ ನೀರು, ಉಪ್ಪು ಹೋಗ್ತಾನೇ ಇರುತ್ತೆ. ಮೊದಲ ಸಭೇಲೇ ಚಿತ್ರ ಹಾಕಿ ಹೇಳಿದ್ದೆ."

ನಾನು ಎದ್ದು ಹೋಗಿದ್ದೆ ಎಂದು ಹೇಳಿದೆ.

"ಬೇಗ ಬಂದಿದ್ರೆ ಕಿಡ್ನಿ ಉಳೀತಿತ್ತು" ಎಂದರು. "ಒಂದು ತಿಂಗಳಿಗೂ ಮೇಲೆ ಒಣಗಿಸಿಬಿಟ್ಟಿದಾರೆ."

ನನ್ನ ಕೈಗೆ ಗೊತ್ತಾಗಿತ್ತು. ಅವತ್ತು ಅಂಗಡಿಯಲ್ಲಿ ಆ ಚರ್ಮವನ್ನು ಹಿಡಿದು ಎಳೆದ ಕೈ ಇದೇ. ಎಣ್ಣೆ ಹಚ್ಚಿ ಕಳಿಸಿದೆ.

ಮೇ ೨೬

ಏನೂ ತಿನ್ನಲಿಲ್ಲ. ಹೆಂಡತಿ ಎದುರಿಗೆ ಕೂತು, "ನೀವೂ ಒಣಗಿ ಸತ್ರೆ ಅವರು ಎದ್ದು ಬರ್ತಾರಾ?" ಎಂದು ತುತ್ತು ಮಾಡಿ ಬಾಯಿಗಿಟ್ಟಳು. ಆಮೇಲೆ ಚೀಲ ಸೋರಿತು. ಅವಳೇ ಒರೆಸಿ ಬೇರೆಯದು ಹಾಕಿದಳು. ತೂತು ಸರಿಯಾಗಿ ಕತ್ತರಿಸಿದ್ದಳು. ನಾನು ಸುಮ್ಮನೆ ಮಲಗಿದ್ದೆ.

ಜೂನ್ ೧, ಭಾನುವಾರ

ಕ್ಷೌರದ ಪೆಟ್ಟಿಗೆ ಹಿಡಿದು ಆಸ್ಪತ್ರೆಗೆ ಹೋದೆ. ಡ್ರೈವರೇ ಹೇಳಿ ಕಳಿಸಿದ್ದ, ಗಡ್ಡ ಕೆರೆಯುತ್ತಿದೆ, ಬಂದು ತೆಗೆದುಕೊಡು ಎಂದು. ಅವನ ಹೆಂಡತಿ ನನ್ನನ್ನು ಕಂಡು ಎದ್ದು ಹೊರಗೆ ಹೋದಳು.

ಮುಖ ಈಗ ಊದಿದೆ. ಕಾಲು, ಕೈ ಎಲ್ಲ ಊದಿದೆ. ಕುಡಿಯಲು ಅಳೆದು ಕೊಡುತ್ತಾರೆ, ಕಿಡ್ನಿ ಇಲ್ಲದವನಿಗೆ ನೀರೇ ವಿಷವಂತೆ. ಒಂದು ಗುಟುಕು ಹೆಚ್ಚು ಕೊಡಿ ಎಂದು ಬೇಡುತ್ತಿದ್ದ. ನನಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಬಿಟ್ಟು ಬರಲೂ ಆಗುತ್ತಿರಲಿಲ್ಲ.

ನೊರೆ ಹಚ್ಚಿದೆ. ಮಂಚ ಎತ್ತರ, ಬಗ್ಗಿದರೆ ನನ್ನ ಚೀಲ ಅವನ ತೋಳಿಗೆ ತಾಗುತ್ತಿತ್ತು. ಸರಿಯಲಿಲ್ಲ.

"ನನ್ನ ಮಾತು ಕೇಳಿ ಹೀಗಾಯ್ತಲ್ಲೋ" ಎಂದೆ.

"ಗೊತ್ತಣ್ಣ. ಸಿಸ್ಟರ್ ಹೇಳಿದ್ರು." ಮೇಲ್ತುಟಿಯ ಹತ್ತಿರ ಕತ್ತಿ ಇತ್ತು, ಸ್ವಲ್ಪ ತಡೆದು ಮಾತಾಡಿದ. "ನಿನ್ನ ಮೇಲೆ ಸಿಟ್ಟು ಬಂತು. ಇಲ್ಲ ಅನ್ನಲ್ಲ. ನಿನ್ನೆಯೆಲ್ಲ ಬಂತು. ಆದ್ರೆ ಆ ಒಂದು ತಿಂಗಳು, ಹಿಂದಿನ ಸೀಟಲ್ಲಿ ಯಾರು ಮೂಗು ಮುಚ್ಕೊಂಡ್ರು ಅಂತ ಕನ್ನಡಿ ನೋಡದೆ ಬಸ್ ಓಡಿಸಿದೆ. ಅದನ್ನೂ ನೀನೇ ಕೊಟ್ಟಿದ್ದು. ಎರಡನ್ನೂ ಹೆಂಗೆ ಕೂಡಿ ಕಳೀಬೇಕೋ ನಂಗೆ ಗೊತ್ತಾಗ್ತಿಲ್ಲ."

ಮೀಸೆ ತೆಗೆಯಲೇ ಎಂದು ಕೇಳಿದೆ. "ಅದಿರ್ಲಿ" ಎಂದ. ತುದಿ ಮಾತ್ರ ಸರಿ ಮಾಡಿದೆ.

ಜೂನ್ ೪

ಡ್ರೈವರ್ ಹೋದ. ಹೃದಯ ನಿಂತಿತಂತೆ.

ಜೂನ್ ೨೧, ಶನಿವಾರ

ಸಭೆಗೆ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ. ಸಿಸ್ಟರ್ ಫೋನು ಮಾಡಿದರು, ಎತ್ತಲಿಲ್ಲ. ಹೊಸಬನೊಬ್ಬ ಬಂದು ಕೂತು ಏನಾದರೂ ಕೇಳಿದರೆ ಏನು ಹೇಳಲಿ. ನಾನು ಬಾಯಿ ತೆರೆದರೆ ಒಬ್ಬರು ಸಾಯುತ್ತಾರೆ.

ಅಂಗಡಿಯಲ್ಲಿ ಮಾತು ನಿಲ್ಲಿಸಿದ್ದೇನೆ. ಗಿರಾಕಿಗಳು ಬಾಮೈದನನ್ನು ಕೇಳುತ್ತಾರೆ, ಭಾವನಿಗೆ ಏನಾಯಿತು ಎಂದು. ಮಾತಾಡದ ಕ್ಷೌರಿಕನ ಹತ್ತಿರ ಯಾರಿಗೂ ಕೂರಲು ಇಷ್ಟವಿಲ್ಲ. ಮಧ್ಯಾಹ್ನ ಒಳಗಿನ ಪರದೆ ಹಿಂದೆ ಹೋಗಿ ಊಟ ಮಾಡಿ, ನೀರು ಕುಡಿದು, ಚೀಲ ಖಾಲಿ ಮಾಡಿ ಬರುತ್ತೇನೆ. ಬಾಮೈದ ಬಾಗಿಲಲ್ಲಿ ಕಾಯುತ್ತಾನೆ. ವಾಸನೆ ಬಂದರೆ ಬರಲಿ.

ಜುಲೈ ೧೦, ಗುರುವಾರ

ಡ್ರೈವರನ ಹೆಂಡತಿ ಅಂಗಡಿಗೆ ಬಂದಳು. ಒಬ್ಬಳೇ. ಬಾಮೈದ ಟೀ ಕುಡಿಯುವ ನೆಪದಲ್ಲಿ ಕಾಲು ಕಿತ್ತ. ಬೇರೆ ಜಾಗವಿಲ್ಲದೆ ಆಕೆ ಗಿರಾಕಿಯ ಕುರ್ಚಿಯಲ್ಲೇ ಕೂತಳು. ನಾನು ಹಿಂದೆ ನಿಂತೆ. ಮಾತಾಡಿದ್ದೆಲ್ಲ ಕನ್ನಡಿಯಲ್ಲೇ.

"ಸಿಸ್ಟರ್ ಸಿಕ್ಕಿದ್ರು. ವಾರ್ಡಿನಲ್ಲಿ ಒಂದು ಹುಡುಗಿ ಇದಾಳಂತೆ. ಬಟ್ಟೆ ಅಂಗಡೀಲಿ ಕೆಲಸ ಮಾಡೋಳು. ಹೊಸದಾಗಿ ಆಪರೇಶನ್ ಆಗಿದೆ. ಬಲಗಡೆ." ಆಕೆಯ ಬಾಯಲ್ಲಿ ಆ ಪದ ಕೇಳಿ ನಾನು ಕನ್ನಡಿಯಿಂದ ಕಣ್ಣು ತೆಗೆದೆ. "ಚೀಲ ತುಂಬುತ್ತೆ ಅಂತ ನೀರು ಕುಡೀತಿಲ್ವಂತೆ. ತಾಯಿ ಕಾಣದ ಹಾಗೆ ಸಿಂಕಿಗೆ ಚೆಲ್ತಾಳಂತೆ. ಡಾಕ್ಟರ್ ಹೇಳಿದ್ರೂ ಕೇಳಲ್ವಂತೆ. ನೀವು ಹೋಗಿ."

"ನಾನು ಯಾರಿಗೂ ಏನೂ ಹೇಳಲ್ಲಮ್ಮ. ನನ್ನ ಮಾತಿನಿಂದ ಆಗಿದ್ದು ಸಾಕು."

"ಬುದ್ಧಿ ಹೇಳಿ ಅಂತಲ್ಲ ನಾನು ಕೇಳ್ತಿರೋದು. ನಡೆದದ್ದು ಹೇಳಿ. ಅವರು ಹೆಂಗೆ ಕುಡೀದೆ ಇದ್ರು, ಕೊನೇಗೆ ಒಂದು ಗುಟುಕಿಗೆ ಹೆಂಗೆ ಅತ್ರು, ಅದನ್ನ ಹೇಳಿ. ನಾನು ಹೋದ್ರೆ ಅವಳ ಮುಂದೆ ಅಳ್ತೀನಿ, ಅಷ್ಟೇ. ಅವಳಿಗೆ ಅಳೋರು ಮನೇಲೇ ಇದಾರೆ."

ಟವೆಲು ಮಡಚಿದೆ, ಬಿಚ್ಚಿದೆ. ಕೊನೆಗೆ, "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡಿದೀಯಾ ತಾಯಿ?" ಎಂದು ಕೇಳಿಬಿಟ್ಟೆ.

"ಇಲ್ಲ" ಎಂದಳು. "ಎಲ್ರೂ ಹೇಳ್ತಾರೆ, ಹೊಟ್ಟೆಗೆ ಹಾಕ್ಕೋ, ಬೇಕಂತ ಮಾಡಿದ್ದಲ್ಲ ಅಂತ. ನನ್ನ ಕೈಲಿ ಆಗ್ತಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಹುಡುಗಿ ಬದುಕಬೇಕು."

ಎದ್ದು ಹೋದಳು. ಬಂದಾಗಿನಿಂದ ಒಂದು ಸಲವೂ ಅಣ್ಣ ಎನ್ನಲಿಲ್ಲ.

ಜುಲೈ ೧೧, ಶುಕ್ರವಾರ

ಆಸ್ಪತ್ರೆಗೆ ಹೋದೆ. ಹುಡುಗಿ ಕಿಟಕಿ ಪಕ್ಕದ ಮಂಚದಲ್ಲಿದ್ದಳು, ಕತ್ತಿನ ತನಕ ಹೊದ್ದುಕೊಂಡು. ಪಕ್ಕದಲ್ಲಿ ತಾಯಿ, ಮೇಜಿನ ಮೇಲೆ ತುಂಬಿದ ಲೋಟ. ಸಿಸ್ಟರ್ ನನ್ನನ್ನು ಬಿಟ್ಟು ಹೋದರು.

ಅವಳ ತುಟಿ ನೋಡಿದೆ. ಕೈ ಕೊಡಮ್ಮ ಎಂದು ಕೇಳಿ, ಮುಂಗೈಯ ಚರ್ಮ ಮೆಲ್ಲಗೆ ಎಳೆದು ಬಿಟ್ಟೆ. ನಿಧಾನವಾಗಿ ಕೂತಿತು. ಸಿಸ್ಟರನ್ನು ಮತ್ತೆ ಕರೆದು ತೋರಿಸಿದೆ, ನನಗೆ ಇದರ ಅರ್ಥ ಗೊತ್ತಿಲ್ಲ, ನೀವು ನೋಡಿ ಎಂದೆ. ಅವರು ನೋಡಿ ಡಾಕ್ಟರಿಗೆ ಹೇಳಲು ಹೋದರು.

ಆಮೇಲೆ ಡ್ರೈವರನ ಕಥೆ ಹೇಳಿದೆ. ಬಸ್ಸು, ಸೆರಗು ಹಿಡಿದುಕೊಂಡ ಹೆಂಗಸು, ಉಪಾಯ, ಬಸ್ಸಿನ ಮೆಟ್ಟಿಲು, ಕುತ್ತಿಗೆಯ ನಳಿಕೆ, ಅಳೆದು ಕೊಡುವ ನೀರು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ತಾಯಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದಳು. ಹುಡುಗಿ ಕಿಟಕಿಯನ್ನೇ ನೋಡುತ್ತಿದ್ದಳು. ಕೇಳುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

"ಆ ಉಪಾಯ ಹೇಳಿಕೊಟ್ಟೋರು ಈಗ ಎಲ್ಲಿದಾರೆ?" ಎಂದಳು.

"ಇಲ್ಲೇ ಕೂತಿದಾನೆ."

ಆಗ ತಿರುಗಿದಳು. ನನ್ನ ಮುಖ ನೋಡಿದಳು, ಅಂಗಿಯ ಎಡಗಡೆ ಉಬ್ಬಿದ್ದನ್ನು ನೋಡಿದಳು. ಬೆಳಗ್ಗೆ ತಿಂದು ಹೊರಟಿದ್ದೆ, ಉಬ್ಬಿತ್ತು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ಇನ್ನೊಂದು. ಮುಖ ಕಿವಿಚಿಕೊಂಡೇ ಕುಡಿದಳು, ಅರ್ಧ ಲೋಟ ಆಯಿತು.

ಸ್ವಲ್ಪ ಹೊತ್ತಿಗೆ ಹೊದಿಕೆಯೊಳಗೆ ಅವಳ ಚೀಲ ತುಂಬತೊಡಗಿತು. ಅವಳಿಗೆ ಗೊತ್ತಾಯಿತು. ಎರಡೂ ಕೈಯಿಂದ ಮುಚ್ಚಿಕೊಂಡು ಗೋಡೆ ಕಡೆ ಹೊರಳಿದಳು. ಭುಜ ಅಲುಗುತ್ತಿತ್ತು.

"ತುಂಬಲಿ ಬಿಡು ಮಗಳೇ" ಎಂದೆ. "ಡ್ರೈವರಂದೂ ಹೀಗೇ ತುಂಬಿದ್ದಿದ್ರೆ, ಇವತ್ತು ಬಸ್ ಓಡಿಸ್ತಿದ್ದ."

ಅವಳು ತಿರುಗಲಿಲ್ಲ, ಆದರೆ ಕೈಯನ್ನು ಹಿಂದೆ ಚಾಚಿದಳು. ಲೋಟ ಕೊಟ್ಟೆ. ತಾಯಿ ಜಗ್ಗು ಎತ್ತಿಕೊಂಡು ನೀರು ತರಲು ಹೋದಳು.